ಕಾಳಿಯ ಕೊರಳಿನ ಗಂಟು

ಬನಹಟ್ಟಿ
ತಾ. ೨೦ ಮಾರ್ಚ್ ೧೯೬೬

ಪ್ರೀತಿಯ ನಾಮದೇವಣ್ಣನಿಗೆ ತಂಗಿ ಶೇವಂತಿಯ ನಮಸ್ಕಾರಗಳು.

ನಿನ್ನ ಕೆಮ್ಮು ಹೇಗಿದೆ? ಇಂಜಿನ್ನಿನ ಹೊಗೆಯಿಂದ ಬಂದ ಕೆಮ್ಮಿಗೆ ಭುಸಾವಳದ ರೈಲ್ವೆ ಡಾಕ್ಟರು ಕೊಡುವ ಕೆಂಪು ನೀರು ಏನೂ ಮಾಡುವುದಿಲ್ಲ, ಶುಂಠಿ ಕಷಾಯ ಕುಡಿ ಎಂದು ಬರೆಯಲು ಅವ್ವ ಹೇಳಿದ್ದಾಳೆ. ನೀನು ಕುಡಿಯುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು, ಆದರೂ ಬರೆದಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ಅವ್ವನ ಮೊಣಕಾಲು ಬೆಳಿಗ್ಗೆ ಹಟ ಮಾಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಮಾತು ಕೇಳುತ್ತದೆ. ಅಪ್ಪನ ಮಗ್ಗ ನಡೆದಿದೆ. ನಿನ್ನ ಪತ್ರ ಬಂದ ದಿನ ಅವ್ವನಿಗೆ ಓದಿ ಹೇಳಿದೆ. ಅವ್ವನ ಮೊಣಕಾಲಿಗೆ ಒಂದು ಸಾಲು, ನೀಲಿ ಅಂಗಿ ಪಾರ್ಸೆಲ್ ಮಾಡಿ ಎಂದು ಒಂದು ಸಾಲು, ಉಳಿದದ್ದೆಲ್ಲ ರಾಯನ ವಿಚಾರ. ರಾಯ ಹೇಗಿದ್ದಾನೆ, ರಾಯ ಏನು ತಿಂದ, ರಾಯ ಸೊರಗಿದ್ದಾನೆಯೇ. ಅವ್ವ ಕೇಳಿ, "ಇವ ನನ್ನ ಹೊಟ್ಟ್ಯಾಗ ಹುಟ್ಟ್ಯಾನೋ, ನಾಯಿ ಹೊಟ್ಟ್ಯಾಗ ಹುಟ್ಟ್ಯಾನೋ?" ಅಂದಳು. ಅಂಗಿಯ ವಿಷಯ ಆಮೇಲೆ ಹೇಳುತ್ತೇನೆ. ರಾಯನ ಸುದ್ದಿ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ, ಆದ್ದರಿಂದ ಸಮಾಧಾನವಾಗಿ ಓದು.

ನೀನು ರೈಲು ಹತ್ತುವ ಮೊದಲು ರಬಕವಿಯ ಚಹಾದಂಗಡಿಯಲ್ಲಿ ಸಾವಳಗಿಯ ಕುರಿಗಾರ ಅಮಸಿದ್ದಪ್ಪ ಕಾಕಾನೊಂದಿಗೆ ಮಾತಿಗೆ ಮಾತು ಬೆಳೆಸಿದೆಯಲ್ಲ, ನೆನಪಿದೆಯೇ? ನನ್ನ ರಾಯ ದೊಡ್ಡವನೋ ನಿಮ್ಮ ಕಾಳಿ ದೊಡ್ಡವಳೋ, ಓಡಿಸಿ ನೋಡೋಣ, ಸೋತವರ ನಾಯಿ ಗೆದ್ದವರ ಮನೆಗೆ ಎಂದು ಕೈ ಮೇಲೆ ಕೈ ಹಾಕಿ ಬಂದೆ. ನೀನು ಹೋದೆ, ಮಾತು ಮನೆಯಲ್ಲಿ ಉಳಿಯಿತು. ಈ ಸಲ ಜೋಳದ ಸುಗ್ಗಿ ಮುಗಿದು ಹೊಲಗಳು ಬಯಲಾದ ಕೂಡಲೇ ಕಾಕಾ ಹೇಳಿ ಕಳಿಸಿದರು. ಅಪ್ಪ ಬೈದ ಬೈಗುಳ ಬರೆದರೆ ಅಂಚೆಯವರು ಈ ಪತ್ರ ಮುಟ್ಟಿಸುವುದಿಲ್ಲ. ಆದರೂ "ಮಗ ಕೊಟ್ಟ ಮಾತು ಅಪ್ಪಂದೂ ಹೌದ" ಎಂದು ರಾಯನನ್ನು ಕರೆದುಕೊಂಡು ಹೊರಟ.

ನನಗೆ ಈ ಬೇಟೆಯ ಓಟದ ಬಗ್ಗೆ ಮೊದಲಿನಿಂದಲೂ ಕುತೂಹಲ. ನೀನಂತೂ ಹೆಣ್ಣುಮಕ್ಕಳಿಗೆ ಯಾಕೆ ಎಂದು ಒಂದೂ ಹೇಳುತ್ತಿರಲಿಲ್ಲ. ಪಕ್ಕದ ಮನೆಯ ಲಗಮಪ್ಪ ಕಾಕಾನನ್ನು ಹಿಡಿದು ಕೂರಿಸಿ ಎಲ್ಲಾ ಕೇಳಿದೆ. ಎದ್ದ ಮೊಲ ಹೊಲದ ಬದು ದಾಟುವವರೆಗೂ ನಾಯಿ ಬಿಡುವಂತಿಲ್ಲ. ದಾಟಿದ ಮೇಲೆ ನಡುವಿನ ಹಿರಿಯ ರುಮಾಲು ಕೆಳಗೆ ಬಿಡುತ್ತಾನೆ. ಮೊಲವನ್ನು ಹಿಡಿಯಲೇಬೇಕೆಂದಿಲ್ಲ, ಯಾವ ನಾಯಿ ಬೆನ್ನಿಗೆ ಬಿದ್ದು ಮೊದಲು ಅದರ ದಾರಿ ತಿರುಗಿಸುತ್ತದೋ ಅದು ಗೆದ್ದಂತೆ. ಮೊಲ ಜಾಲಿ ಕಂಟಿಯೊಳಗೆ ಹೊಕ್ಕರೆ ಮುಗಿಯಿತು, ಬಡಿದು ಎಬ್ಬಿಸುವುದು ನಾಚಿಕೆಗೇಡು. ನನಗೆ ಬಹಳ ವಿಚಿತ್ರ ಅನ್ನಿಸಿದ್ದು ಇನ್ನೊಂದು. ನಮ್ಮ ನಾಯಿಯನ್ನು ಎದುರಿನವರು ಹಿಡಿಯಬೇಕು, ಅವರದನ್ನು ನಾವು ಹಿಡಿಯಬೇಕಂತೆ. ಕೊರಳಪಟ್ಟಿಯೊಳಗೆ ಉದ್ದನೆಯ ಬಟ್ಟೆ ತೂರಿಸಿ ಎರಡೂ ತುದಿ ಕೈಯಲ್ಲಿಟ್ಟುಕೊಳ್ಳುವುದು, ರುಮಾಲು ಬಿದ್ದಾಗ ಒಂದು ತುದಿ ಬಿಟ್ಟರೆ ಬಟ್ಟೆ ಸರಕ್ಕನೆ ಜಾರಿ ನಾಯಿ ಹಾರುತ್ತದೆ. ಹಿಡಿದವನು ಬೇಕೆಂದೇ ತಡ ಮಾಡಿದರೆ ಎಂದು ಕೇಳಿದೆ. "ಹಿಡದ ಕೈನ ಯಾರೂ ಕೇಳಂಗಿಲ್ಲವಾ. ತಪ್ಪಿದ್ರ ಅವನ ಹೇಳಬೇಕ. ಅದ ಆಟ" ಅಂದ. ಹಾಗಾದರೆ ಮೊಲದ ಪರವಾಗಿ ಮಾತನಾಡುವವರು ಯಾರು ಎಂದೂ ಕೇಳಿದೆ. "ಅದು ಮಾತಾಡಾಕ ಅಲ್ಲಿ ನಿಲ್ಲೂದಿಲ್ಲ ಬಿಡವಾ" ಎಂದು ನಕ್ಕ.

ಆ ಓಟದಲ್ಲಿ ರಾಯ ಗೆದ್ದ! ಮುಧೋಳದಿಂದ ಬಂದಿದ್ದ ಬಾಳಾಸಾಹೇಬರೇ ರುಮಾಲು ಹಿಡಿದಿದ್ದರು, ಅವರೇ ರಾಯನ ಹೆಸರು ಕೂಗಿದರಂತೆ. ಅಮಸಿದ್ದಪ್ಪ ಕಾಕಾ ತಕರಾರು ಮಾಡಲಿಲ್ಲ. ಕಾಳಿಯನ್ನು ತಾವೇ ತಂದು ಅಪ್ಪನ ಕೈಗೆ ಕೊಟ್ಟು, ಮಜ್ಜಿಗೆಯಲ್ಲಿ ಕಿವುಚಿದ ರೊಟ್ಟಿ ಅಂದರೆ ಅವಳಿಗೆ ಪ್ರೀತಿ ಎಂದಷ್ಟೇ ಹೇಳಿ, ತಿರುಗಿ ನೋಡದೆ ಹೋದರಂತೆ. ಅಪ್ಪ ಎರಡು ನಾಯಿ ಹಿಡಿದುಕೊಂಡು ಓಣಿಯೊಳಗೆ ಬಂದಾಗ ಲಗಮಪ್ಪ ಕಾಕಾ ರಾಯನ ಹಣೆಗೆ ಗುಲಾಲು ಹಚ್ಚಿದ. ನಿನಗೆ ಅಂದೇ ಪತ್ರ ಬರೆಯಲು ಕೂತಿದ್ದೆ. ಬರೆದಿದ್ದರೆ ಈಗ ಇನ್ನೂ ಕಷ್ಟವಾಗುತ್ತಿತ್ತು.

ಯಾಕೆಂದರೆ ಮರುದಿನ ಕಾಳಿಯ ಕೊರಳಪಟ್ಟಿಯನ್ನು ಬಟ್ಟೆಯ ಸಮೇತ ಬಿಚ್ಚಿ ಒಗೆಯಲು ತೆಗೆದುಕೊಂಡೆ. ಓಡಿ ಬಂದಾಗ ಆ ಬಟ್ಟೆ ಅವಳ ಕೊರಳಲ್ಲೇ ಜೋತಾಡುತ್ತಿತ್ತಂತೆ. ಎರಡೂ ತುದಿ ಸೇರಿಸಿ ಒಂದು ಗಂಟು ಇತ್ತು, ಎಳೆದಷ್ಟೂ ಬಿಗಿಯಾಗುವ ಗಂಟು. ಅದು ನಮ್ಮ ಗಂಟು, ಅಣ್ಣ. ಮಗ್ಗದ ಮೇಲೆ ಹಾಸಿನ ಎಳೆ ಹರಿದಾಗ ಅಪ್ಪ ಹಾಕುತ್ತಾನಲ್ಲ, ಅದೇ. ಸಾವಳಗಿಯ ಕುರಿಗಾರರ ಬಟ್ಟೆಗೆ ನೇಕಾರರ ಗಂಟು ಯಾಕೆ ಬಂತು ಎಂದು ನನಗೆ ಆಶ್ಚರ್ಯವಾಯಿತೇ ಹೊರತು ಬೇರೆ ಏನೂ ಹೊಳೆಯಲಿಲ್ಲ. ಸುಮ್ಮನೆ ಹೋಗಿ, ಅಪ್ಪಾ, ಇದನ್ನ ಯಾರ ಕಟ್ಟ್ಯಾರ ಎಂದು ಕೇಳಿದೆ. ಅಪ್ಪನ ಲಾಳಿ ನಿಂತಿತು.

ಅಪ್ಪ ಆ ಗಂಟನ್ನು ಬಿಚ್ಚಿ, ಎರಡೂ ತುದಿ ಬೆರಳಲ್ಲಿ ಹಿಡಿದುಕೊಂಡ. ಆಮೇಲೆ ಅವ್ವ ಎಲ್ಲಿದ್ದಾಳೆ, ನೀರು ಬಂತೇನು ಎಂದು ಏನೇನೋ ಕೇಳುತ್ತ ಕೂತ. ನಾನು ಉತ್ತರ ಕೊಡುತ್ತಿದ್ದೆ. ಕೆಳಗೆ ನೋಡಿದರೆ ಬೆರಳುಗಳು ತಮ್ಮಷ್ಟಕ್ಕೆ ತಾವೇ ಗಂಟು ಹಾಕಿ ಮುಗಿಸಿದ್ದವು. ಅಪ್ಪನೂ ಆಗಲೇ ನೋಡಿದ್ದು. ಓಟದ ದಿನ ಕಾಳಿಯನ್ನು ಹಿಡಿದು, ಮೊಲ ಏಳುವುದನ್ನು ಕಾಯುತ್ತ ಬಯಲಿನ ಕಡೆ ಕಣ್ಣಿಟ್ಟು ನಿಂತಾಗಲೂ ಹೀಗೇ ಆಗಿದೆ. ರುಮಾಲು ಬಿದ್ದಾಗ ಅಪ್ಪ ಒಂದು ತುದಿ ಬಿಟ್ಟಿದ್ದಾನೆ, ಬಟ್ಟೆ ಜಾರಿಲ್ಲ, ಕಾಳಿ ಜಗ್ಗಿ ಮುಗ್ಗರಿಸಿದ್ದಾಳೆ. ಅಪ್ಪ ಗಾಬರಿಯಾಗಿ ಎಲ್ಲಾ ಬಿಟ್ಟುಬಿಟ್ಟಾಗ ಬಟ್ಟೆ ಎಳೆದುಕೊಂಡೇ ಓಡಿದ್ದಾಳೆ. "ಕೊರಳಪಟ್ಟಿಗೆ ಸಿಕ್ಕಿರಬೇಕ ಅಂತ ತಿಳಕೊಂಡಿದ್ನಿ. ಹಂಗ ತಿಳಕೊಳ್ಳೂದ ಛಲೋ ಅನಿಸಿತ್ತ" ಅಂದ ಅಪ್ಪ. ಅಷ್ಟು ಸಣ್ಣ ದನಿಯಲ್ಲಿ ಅಪ್ಪ ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ.

ಅವ್ವ ಬಿಡಲಿಲ್ಲ. ಯಾರೂ ಕೇಳಿಲ್ಲ, ಯಾರೂ ಆಡಿಲ್ಲ, ಬೇಕಂತ ಮಾಡಿದ್ದೂ ಅಲ್ಲ, ಮತ್ತೆ ಓಡಿಸಿ ರಾಯ ಸೋತರೆ ಮಗ ಬಂದಾಗ ಏನು ಹೇಳುತ್ತೀರಿ ಎಂದು ಒಂದೇ ಸಮ ವಾದ ಮಾಡಿದಳು. ನಾನೂ ಅವ್ವನ ಕಡೆಯೇ, ಸುಳ್ಳು ಯಾಕೆ ಹೇಳಲಿ. ನಿನ್ನ ಮುಖ ಕಣ್ಣ ಮುಂದೆ ಬಂದು ಅಪ್ಪನ ಮೇಲೆ ಸಿಟ್ಟು ಬಂತು, ಆ ಬಟ್ಟೆಯನ್ನು ಒಗೆಯಲು ತೆಗೆದುಕೊಂಡ ನನ್ನ ಮೇಲೂ ಬಂತು. ಅಪ್ಪ ಎಲ್ಲಾ ಕೇಳಿಸಿಕೊಂಡು, "ಕೇಳಬಾರದಂತನ ಅಮಸಿದ್ದಪ್ಪ ಕೇಳಿಲ್ಲ. ಹಂಗಿದ್ದಮ್ಯಾಲ ಹೇಳಾವ ನಾನ ಅಲ್ಲೇನ?" ಎಂದು ಅಂಗಿ ಹಾಕಿಕೊಂಡ. ಕಾಳಿಯನ್ನು ಕರೆದುಕೊಂಡು ಜಮಖಂಡಿ ಬಸ್ಸು ಹತ್ತಿ ಸಾವಳಗಿಗೆ ಹೋದ. ಕಂಡಕ್ಟರ್ ನಾಯಿಗೆ ಜಾಗ ಇಲ್ಲ ಅಂದನಂತೆ. ಕಾಳಿ ಸೀಟಿನ ಕೆಳಗೆ ಮಡಚಿಕೊಂಡು ಮಲಗಿದ್ದು ಜಮಖಂಡಿಯಲ್ಲಿ ಇಳಿಯುವಾಗಲೇ ಅವನಿಗೆ ಗೊತ್ತಾದದ್ದು. ಸಂಜೆ ಅಪ್ಪ ಒಬ್ಬನೇ ಬಂದು, ಸೋಮವಾರ ಮತ್ತೆ ಓಟ, ಕರಾರು ಮೊದಲಿನದೇ ಎಂದು ಹೇಳಿದ.

ಈ ಸಲ ನಾನೂ ಹೋದೆ. ಹೆಣ್ಣುಮಕ್ಕಳು ಯಾರೂ ಬರುವುದಿಲ್ಲ ಎಂದು ಲಗಮಪ್ಪ ಕಾಕಾ ರಾಗ ಎಳೆದ. ಗಂಟು ಕಂಡುಹಿಡಿದವಳು ನಾನೇ, ನಾನು ಬರುವವಳೇ ಎಂದೆ. ಸಾವಳಗಿಯ ಆಚೆ ಕೊಯ್ದ ಜೋಳದ ಹೊಲ, ಬಿಸಿಲು ಇನ್ನೂ ಏರಿರಲಿಲ್ಲ. ಅಮಸಿದ್ದಪ್ಪ ಕಾಕಾ ರಾಯನ ಬೆನ್ನು ಸವರುತ್ತ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. ಅಂದು ಕಾಳಿಯ ಕೊರಳಲ್ಲಿ ಗಂಟು ಇದ್ದದ್ದು ನೀವು ನೋಡಲಿಲ್ಲವೇ ಎಂದು ಕೇಳಿಯೇಬಿಟ್ಟೆ. "ನೋಡಿದ್ನಿ" ಅಂದರು. ಹಾಗಾದರೆ ಯಾಕೆ ಸುಮ್ಮನಿದ್ದಿರಿ ಎಂದೆ. ಅವರು ನನ್ನನ್ನು ನೋಡಿ, "ನಾ ಕೇಳಿದ್ದರ ನಿಮ್ಮಪ್ಪಗ ಹೇಳಾಕ ಏನ ಉಳೀತಿತ್ತವಾ?" ಅಂದರು. ಆ ಮಾತನ್ನು ನಾನು ಇನ್ನೂ ತಿರುಗಿಸಿ ಮುರುಗಿಸಿ ನೋಡುತ್ತಲೇ ಇದ್ದೇನೆ. ತನ್ನ ಕಾಳಿಯನ್ನು ಕಳೆದುಕೊಂಡು ಸುಮ್ಮನೆ ಮನೆಗೆ ಹೋಗಿ ಕುಳಿತಿದ್ದರಲ್ಲ, ಅಪ್ಪ ಹೇಳದೇ ಹೋಗಿದ್ದರೆ? ನೀನಾಗಿದ್ದರೆ ಸುಮ್ಮನಿರುತ್ತಿದ್ದೆಯಾ? ಬರೆ, ನನಗೆ ತಿಳಿಯಬೇಕು.

ಅಪ್ಪ ಕಾಳಿಯನ್ನು ಹಿಡಿದ. ಈ ಸಲ ಬಟ್ಟೆಯ ಒಂದು ತುದಿ ಎಡಗೈಯಲ್ಲಿ, ಇನ್ನೊಂದು ಬಲಗೈಯಲ್ಲಿ, ಕೈಗಳು ಒಂದನ್ನೊಂದು ಮುಟ್ಟದಂತೆ ಅಗಲವಾಗಿ ಚಾಚಿ ನಿಂತಿದ್ದ. ಜನ ನಕ್ಕರು, ನನಗೆ ಮಾತ್ರ ಅಳು ಬಂತು. ಮೊಲ ಎದ್ದಿತು, ಬದು ದಾಟಿತು, ಬಾಳಾಸಾಹೇಬರ ರುಮಾಲು ಬಿತ್ತು. ಎರಡೂ ನಾಯಿ ಒಟ್ಟಿಗೇ ಹಾರಿದವು. ಅವು ಓಡುವುದನ್ನು ಕಂಡಮೇಲೆ ನೀನು ಯಾಕೆ ರಾಯನ ಬಗ್ಗೆ ಇಡೀ ಪುಟ ಬರೆಯುತ್ತೀ ಎಂದು ತಿಳಿಯಿತು, ಅಣ್ಣ. ಮೊಲ ಕೊನೆಗೆ ಜಾಲಿ ಕಂಟಿ ಸೇರಿ ಉಳಿದುಕೊಂಡಿತು, ಅದು ನನಗೆ ಖುಷಿ. ಇನ್ನೂ ಬರೆಯುವುದಿದೆ, ಆದರೆ ಅಂಚೆಪೆಟ್ಟಿಗೆ ತೆಗೆಯುವ ಹೊತ್ತಾಗುತ್ತಿದೆ, ಅವ್ವ ಬೇರೆ ಕೂಗುತ್ತಿದ್ದಾಳೆ.

ಮೈಗೆ ಎಣ್ಣೆ ಹಚ್ಚಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವ ಅಪ್ಪನ ಆಶೀರ್ವಾದ ನಿನ್ನ ಮೇಲಿದೆ. ಲಗಮಪ್ಪ ಕಾಕಾ ನೆನಪು ಮಾಡಿದ್ದಾನೆ. ಬೇಗ ರಜೆ ಕೇಳಿ ಬಾ.

ನಿನ್ನ ತಂಗಿ,
ಶೇವಂತಿ

ತಾ.ಕ.: ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ, ಹೇಳಿಬಿಡುತ್ತೇನೆ. ಮೊಲವನ್ನು ತಿರುಗಿಸಿದ್ದು ಕಾಳಿ. ರಾಯ ಈಗ ಸಾವಳಗಿಯಲ್ಲಿದ್ದಾನೆ. ಅಪ್ಪನೇ ಕೊಟ್ಟು ಬಂದ. ಮೊನ್ನೆ ಅಮಸಿದ್ದಪ್ಪ ಕಾಕಾ ನಮ್ಮ ಮನೆಗೆ ಬಂದಿದ್ದರು. ರಾಯ ಏನೂ ಮುಟ್ಟದೆ ಬಾಗಿಲಿಗೆ ಮುಖ ಮಾಡಿ ಮಲಗಿದ್ದಾನಂತೆ. ನಾಯಿಯನ್ನು ವಾಪಸು ಕೊಡುತ್ತೇನೆ ಎಂದು ಅವರು ಅನ್ನಲಿಲ್ಲ, ಅಪ್ಪನೂ ಕೇಳಲಿಲ್ಲ. "ಹುಡುಗನ ಮೈಮ್ಯಾಲಿನ ಅರಿವಿ ಒಂದ ಇದ್ದರ ಕೊಡ್ರಿ" ಅಂದರು. ನೀನು ಹೋದ ದಿನ ಬಿಚ್ಚಿಟ್ಟ ನೀಲಿ ಅಂಗಿಯನ್ನು ಅವ್ವ ಒಗೆಯದೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು, ನನಗೇ ಗೊತ್ತಿರಲಿಲ್ಲ. ಅದನ್ನು ತೆಗೆದು, ಒಂದು ಸಲ ಮುಖಕ್ಕೆ ಒತ್ತಿಕೊಂಡು, ಅವರ ಕೈಗೆ ಕೊಟ್ಟಳು. ರಾಯ ಅಂಗಿಯ ಮೇಲೆ ತಲೆ ಇಟ್ಟು ಮಲಗಿದ್ದ, ಈಗ ರೊಟ್ಟಿ ತಿಂದ ಎಂದು ಇವತ್ತು ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿದ್ದಾರೆ. ಪಾರ್ಸೆಲ್ಲಿಗಾಗಿ ಕಾಯಬೇಡ, ಅಣ್ಣ.