ಕುಂಕುಮವಿಟ್ಟ ವಾಲ್ವಿಗೆ ಕೆಂಪು ಶಾಯಿ

ವಾಹನ ತಪಾಸಣೆಯ ಮಾನ್ಯ ಅಧಿಕಾರಿಗಳೇ,

ಖರ್ಚಿನ ಬಾಬ್ತು ಮೊದಲು ಹೇಳಿಬಿಡುತ್ತೇನೆ. ಶಾಮಿಯಾನ ಬಾಡಿಗೆಗೆ ಕೊಡುವವನ ಅಭ್ಯಾಸ. ಒಂದು ಉಂಡೆ ಹುಣಸೆಹಣ್ಣು, ನಾನು ಹಲ್ಲುಜ್ಜುವ ಬ್ರಷ್ಷು, ಹೆಂಡತಿಯ ಹಳೆಯ ವಾಯಿಲ್ ಸೀರೆ, ನಂಗಲಿ ರಸ್ತೆಗೆ ಅಭಿಷೇಕವಾದ ಇಂಜಿನ್ ಆಯಿಲ್ಲು. ಇಷ್ಟು ಸುರಿದು ನಾನು ಸಂಪಾದಿಸಿದ್ದು ತಮ್ಮ ಕೆಂಪು ಶಾಯಿಯ ಒಂದು ಸಾಲು: 'ಇಂಜಿನ್ ಮೇಲೆ ಅನಧಿಕೃತ ಜೋಡಣೆ. ತೆಗೆದು, ರಂಧ್ರ ಮುಚ್ಚಿಸಿ ಬರುವುದು.'

ಯಾವುದು ಆ ಅನಧಿಕೃತ ಜೋಡಣೆ? ಹೆಬ್ಬೆರಳು ಗಾತ್ರದ ಒಂದು ವಾಲ್ವು. ಮೂವತ್ತು ದಾಟಿದ ನನ್ನ ಕಾರಿನ ಜೊತೆಯಲ್ಲೇ ಕಾರ್ಖಾನೆಯಲ್ಲಿ ಹುಟ್ಟಿದ್ದು. ಇಂಜಿನ್ನಿನ ಹೊಟ್ಟೆಯಲ್ಲಿ ತುಂಬುವ ಹೊಗೆಯನ್ನು ಊರಿಗೆ ಬಿಡದೆ, ಮತ್ತೆ ಉರಿಯಲು ಒಳಗೇ ಕಳಿಸುವುದು ಅದರ ಕೆಲಸ. ಹೊಗೆ ತಡೆಯಬೇಕಾದ ಕಚೇರಿಯೇ ಹೊಗೆ ತಡೆಯುವ ಭಾಗವನ್ನು ಕೀಳಿಸಿದರೆ ನಾವು ಯಾರ ಹತ್ತಿರ ಕೆಮ್ಮಬೇಕು, ಸ್ವಾಮಿ?

ನೋಂದಣಿ ನವೀಕರಣಕ್ಕೆಂದು ಮೊದಲ ಸಲ ತಮ್ಮಲ್ಲಿಗೆ ತಂದಾಗ ಕಾರು ಹೊಗೆಯಾಡಿದ್ದು ನಿಜ. ಅದು ನಮ್ಮ ಮನೆಯ ಭಕ್ತಿಯ ಫಲ. ಆಯುಧಪೂಜೆಗೆಂದು ಮೆಕ್ಯಾನಿಕ್ ಕಾಂತರಾಜ್ ವಾಲ್ವನ್ನು ಬಿಚ್ಚಿಟ್ಟಿದ್ದ. ನನ್ನ ಹೆಂಡತಿ ಶ್ಯಾಮಲಮ್ಮ ಅದನ್ನು ದೀಪದ ಕಂಬದಂತೆ ಹುಣಸೆಹಣ್ಣಿನಲ್ಲಿ ಉಜ್ಜಿ, ಫಳಫಳ ಹೊಳೆಸಿ, ಅದು ಉಸಿರಾಡುವ ತೂತಿಗೇ ಧಾರಾಳವಾಗಿ ಅರಿಶಿನ ಕುಂಕುಮ ಮೆತ್ತಿದಳು. ಒಳಗಿನ ಮಸಿ ಹಾಗೇ ಉಳಿಯಿತು. ತಾವು ಬಾನೆಟ್ ಎತ್ತಿ, "ಏನ್ರೀ ಇದು, ಇಂಜಿನ್ ಮೇಲೆ ದೇವರನ್ನ ಕೂರ್ಸಿದ್ದೀರಾ?" ಎಂದು ನಕ್ಕಿರಿ. ನಾನೂ ನಕ್ಕೆ. ನಗು ಮುಗಿಯುವ ಮೊದಲೇ ಕೆಂಪು ಪೆನ್ನು ಹೊರಬಂತು.

ಆಜ್ಞೆ ಪಾಲಿಸಿದೆ. ವಾಲ್ವು ಕಿತ್ತು, ತೂತಿಗೆ ಬೋಲ್ಟು ಜಡಿಸಿ, ಓಡಿಸಿ ನೋಡಲೆಂದು ಮೂವರೂ ಕಾರು ಹತ್ತಿ ನಂಗಲಿ ರಸ್ತೆ ಹಿಡಿದೆವು. ಮುಳಬಾಗಿಲು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಆಯಿಲ್ ನೋಡುವ ಕಡ್ಡಿ ಬಾಣದ ಹಾಗೆ ಎದ್ದು, ಬಾನೆಟ್ಟಿನೊಳಗೆಲ್ಲ ಆಯಿಲ್ಲು ಚಿಮ್ಮಿತು.

"ಅಲ್ರೀ, ಇಡ್ಲಿ ಪಾತ್ರೆ ತೂತಿಗೆ ಹಿಟ್ಟು ಮೆತ್ತಿ ಒಲೆ ಮೇಲಿಟ್ಟಂಗಾಯ್ತು! ಆವಿ ಎಲ್ಲಿಗೋಗ್ಬೇಕು?" ಎಂದಳು ಶ್ಯಾಮಲಮ್ಮ.

"ಅಕ್ಕಾ, ಆ ತೂತಿಗೆ ಮೊದ್ಲು ಮೆತ್ತಿದ್ದು ನೀವೇ!" ಎಂದ ಕಾಂತರಾಜ್.

"ಸುಮ್ನಿರೋ! ನಾನು ಭಕ್ತಿಗೆ ಮೆತ್ತಿದ್ದು. ಅವ್ರು ಆರ್ಡರ್ ಹಾಕಿ ಮುಚ್ಸಿದ್ದು!"

ರಸ್ತೆ ಬದಿಯಲ್ಲೇ ನಮ್ಮ ಮೂವರಿಗೂ ಜ್ಞಾನೋದಯವಾಯಿತು. ಮನೆಗೆ ಬಂದು, ಚಿಮ್ಮಿದ ಆಯಿಲ್ಲನ್ನು ಆ ವಾಯಿಲ್ ಸೀರೆಯಲ್ಲಿ ಒರೆಸಿ, ವಾಲ್ವಿಗೆ ಕಾರ್ಬ್ಯುರೇಟರ್ ತೊಳೆಯುವ ಸ್ಪ್ರೇ ಹೊಡೆದು, ನನ್ನ ಬ್ರಷ್ಷಿನಲ್ಲಿ ತಿಕ್ಕಿ ಒಳಗಿನ ಮಸಿ, ಕುಂಕುಮ ಎಲ್ಲ ತೆಗೆದೆವು. ಕಿವಿಯ ಹತ್ತಿರ ಅಲ್ಲಾಡಿಸಿದರೆ ವಾಲ್ವು ಗಿಲಕಿಯ ಹಾಗೆ ಟಿಕ್‌ಟಿಕ್ ಎಂದಿತು. ಒಳಗಿನ ಗುಂಡು ಆಡುತ್ತಿದೆ, ಅಂದರೆ ಜೀವವಿದೆ. ಮತ್ತೆ ಜೋಡಿಸಿ ಹೊಗೆ ಪರೀಕ್ಷೆ ಮಾಡಿಸಿದೆವು: ಪಾಸ್! ಚೀಟಿ ಹಿಡಿದು ಕುಣಿಯುತ್ತ ತಮ್ಮಲ್ಲಿಗೆ ಬಂದರೆ, "ಹೊಗೆ ಸರಿ ಇದೆ. ಆದ್ರೆ ತೆಗೀರಿ ಅಂದಿದ್ದು ಅಲ್ಲೇ ಇದೆಯಲ್ರೀ," ಎಂದು ಫೇಲ್ ಮಾಡಿದಿರಿ. ವಾಲ್ವಿದ್ದರೆ ಆಜ್ಞೆಯ ಉಲ್ಲಂಘನೆ, ಇಲ್ಲದಿದ್ದರೆ ಆಯಿಲ್ ಅಭಿಷೇಕ. ಕಾರು ಯಾವ ದಾರಿ ಹಿಡಿಯಬೇಕು?

ನನ್ನ ತಂಗಿಯ ಮಗಳು ರಮ್ಯ ನರಸಾಪುರದಲ್ಲಿ ಕೆಲಸಕ್ಕಿದ್ದಾಳೆ. ಬರುವ ತಿಂಗಳು ಮದುವೆ. "ಮಾವ, ದಿನಾ ಕಂಪನಿ ಬಸ್ಸೇ ಆಯ್ತು. ಛತ್ರದಿಂದ ಮಾತ್ರ ನಿನ್ನ ಕಾರಲ್ಲೇ ಹೋಗ್ತೀನಿ," ಎಂದು ಮೊದಲೇ ಸೀಟು ಹಿಡಿದಿದ್ದಾಳೆ. ನೋಂದಣಿ ನವೀಕರಣವಾಗದೆ ಕಾರನ್ನು ರಸ್ತೆಗಿಳಿಸುವ ಹಾಗಿಲ್ಲ. ಆದ್ದರಿಂದ ನನ್ನ ಒತ್ತಾಯವಿಷ್ಟೆ: ಒಮ್ಮೆ ಕುರ್ಚಿಯಿಂದೆದ್ದು ಬನ್ನಿ, ಆ ವಾಲ್ವನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ, ಅದೇ ಕೆಂಪು ಪೆನ್ನಿನಿಂದ ಆ ಸಾಲನ್ನು ಹೊಡೆದುಹಾಕಿ.

ಇನ್ನು ಯಾರಿಗೆ ಏನು ದಕ್ಕಿತು ಎಂಬ ಲೆಕ್ಕ. ಕಾಂತರಾಜನಿಗೆ ಹೊಸ ವಿದ್ಯೆ. ಕಂಡ ಹಳೇ ಕಾರಿನ ವಾಲ್ವನ್ನೆಲ್ಲ ಕಿವಿಗಿಟ್ಟುಕೊಳ್ಳುತ್ತಿದ್ದಾನೆ. ಶ್ಯಾಮಲಮ್ಮನಿಗೆ ಇಂಜಿನಿಯರ್ ಪಟ್ಟ. ಊರಿಗೆ ಒಂದಿಷ್ಟು ಒಳ್ಳೆಯ ಗಾಳಿ. ತಮಗೆ ಆಜ್ಞೆ ಉಳಿಸಿಕೊಂಡ ಸಮಾಧಾನ. ನನಗೆ ಹೊಸ ಬ್ರಷ್ಷು. ರಮ್ಯಳಿಗೆ, ಈವರೆಗೆ, ಏನೂ ಇಲ್ಲ.

ಇಂತಿ,
ಊರ ಮದುವೆಗೆಲ್ಲ ಚಪ್ಪರ ಹಾಕಿ, ಮನೆ ಮದುವೆಗೆ ಕಾರು ಹೊರಡಿಸಲಾಗದ
ಮುನಿಯಲ್ಲಪ್ಪ, ಮುಳಬಾಗಿಲು