ಅಗ್ನಿಗೆ ಎಲ್ಲಾ ಭಾಷಾ ಬರ್ತದ

ಬೇಗಂಪೇಟೆ, ಹೈದರಾಬಾದ್
೨೮ ಜುಲೈ ೨೦೦೭

ಪ್ರೀತಿಯ ಪ್ರಾಣೇಶಣ್ಣನಿಗೆ, ತಂಗಿ ಕುಮುದಾಳ ನಮಸ್ಕಾರಗಳು.

ನಿನ್ನ ಗಂಟಲು ಈಗ ಹೇಗಿದೆ? ನಮ್ಮ ಆಫೀಸಿನಲ್ಲಿ ನೀನು ಮೌನದ ಮಹಿಮೆ ಕುರಿತು ಮೂರು ತಾಸು ಮಾತಾಡಿ ಕೆಡಿಸಿಕೊಂಡಿದ್ದೆ. ಪುಣೆಯ ಶಿಬಿರದಲ್ಲಾದರೂ ಬಿಸಿನೀರು ಕುಡಿ. ಇಲ್ಲಿ ನಾನು, ಇವರು ಕ್ಷೇಮ.

ಕೆಲಸದ ಒತ್ತಡಕ್ಕೆ ಅಧ್ಯಾತ್ಮವೇ ಔಷಧವೆಂದು ಕಂಪನಿಯವರು ನಿನ್ನನ್ನೇ ಕರೆಸಿದ ದಿನ ನಾನೆಷ್ಟು ಬೀಗಿದ್ದೆ ಗೊತ್ತೇ? ಕ್ಯಾಂಟೀನಿನವನಿಗೂ ‘ಹಮಾರೇ ಭಯ್ಯಾ’ ಎಂದು ಹೇಳಿ ಬಂದಿದ್ದೆ. ಫಲದ ಆಸೆ ಬಿಟ್ಟು ದುಡಿಯಿರಿ ಎಂದು ನೀನು ಅಂದಾಗ ಮೊದಲು ಚಪ್ಪಾಳೆ ತಟ್ಟಿದವರು ನಮ್ಮ ಮ್ಯಾನೇಜರು. ಅದು ಸಂಬಳ ಏರಿಸುವ ಅಪ್ರೈಸಲ್ ತಿಂಗಳು ನೋಡು. ಆಮೇಲೆ ನೀನು ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಹಂಚಿ, ಮನಸ್ಸಿನ ಭಾರವನ್ನೆಲ್ಲ ಬರೆದು ಅಗ್ನಿಗೆ ಒಪ್ಪಿಸಿ ಎಂದೆ. ಎಸಿ ಕೋಣೆಯಲ್ಲಿ ಬೆಂಕಿ ಹಚ್ಚಿದರೆ ಅಲಾರಂ ಕೂಗುತ್ತದೆ; ಹಾಗಾಗಿ ರಾಯಚೂರಿಗೆ ಹೋದಾಗ ಕೃಷ್ಣೆಯ ದಂಡೆಯಲ್ಲಿ ಸುಡುತ್ತೇನೆಂದು ಹಾಳೆಗಳನ್ನು ನಿನ್ನ ಜೋಳಿಗೆಗೆ ಹಾಕಿಕೊಂಡೆ. ನಾನು ಬರೆಯಲು ಅಳುಕಿದ್ದು ಕಂಡು ಹತ್ತಿರ ಬಂದು, “ಕನ್ನಡದಾಗ ಬರಿ ತಂಗೀ, ಅಗ್ನಿಗೆ ಎಲ್ಲಾ ಭಾಷಾ ಬರ್ತದ,” ಅಂದೆ.

ಬರೆದೆ. ನಾನು ಬರೆದ ಪ್ರೋಗ್ರಾಮಿಗೆ ಮ್ಯಾನೇಜರು ತಮ್ಮ ಹೆಸರು ಹಾಕಿಕೊಳ್ಳುವುದನ್ನು, ಎರಡು ವರ್ಷದಿಂದ ಬರುತ್ತಲೇ ಇರುವ ನನ್ನ ಬಡ್ತಿಯನ್ನು, ಬಾತ್ರೂಮಿನಲ್ಲಿ ನಲ್ಲಿ ತಿರುವಿ ಅತ್ತದ್ದನ್ನು. ನೀನೇನಾದರೂ ಓದಿದರೆ ನಗಲಿ ಎಂದು, ‘ಇಲ್ಲಿಯ ಬಡ್ತಿ ಗೋದಾವರಿ ಅತ್ತೆಯ ಚಹಾ ಇದ್ದಂತೆ’ ಎಂದು ಕೊನೆಗೊಂದು ಚಟಾಕಿಯನ್ನೂ ಹಾರಿಸಿದೆ.

ಮೊನ್ನೆ ಗುರುವಾರ ಎಚ್‌ಆರ್‌ನ ಶೋಭಾ ಮೇಡಂ ಕರೆದು ನನ್ನ ಮುಂದೆ ಒಂದು ಇಂಗ್ಲಿಷ್ ಹಾಳೆ ಇಟ್ಟರು. ನಾನು ಬರೆದದ್ದೇ, ಸಾಲು ಸಾಲೂ. ಜೋಳಿಗೆ ಕಳುವಾಗಿದೆ, ಯಾರೋ ಕನ್ನಡದವರು ಓದಿಕೊಟ್ಟಿದ್ದಾರೆ, ನಮ್ಮಣ್ಣನಿಗೆ ತಿಳಿದರೆ ಸುಮ್ಮನೆ ಬಿಡುವುದಿಲ್ಲ ಎಂದು ನಾನು ಜಗಳಕ್ಕೇ ನಿಂತೆ. ಅವರು ತಲೆ ತಗ್ಗಿಸಿದರು. ಆಮೇಲೆ ಕೊನೆಯ ಸಾಲು ಓದಿದೆ. ಅಲ್ಲಿ ಅತ್ತೆಯ ಹೆಸರೇ ಇರಲಿಲ್ಲ. ಯಾವಾಗ ಕೇಳಿದರೂ ಒಲೆಯ ಮೇಲಿದೆ ಎನ್ನುವ, ಎಂದೂ ಲೋಟಕ್ಕೆ ಬಾರದ ಚಹಾ ಎಂದು ಚೊಕ್ಕ ಇಂಗ್ಲಿಷಿನಲ್ಲಿ ಬಿಡಿಸಿ ಬರೆದಿತ್ತು. ಅಣ್ಣಾ, ಆ ಚಹಾಕ್ಕಾಗಿ ಅತ್ತೆಯ ಪಡಸಾಲೆಯಲ್ಲಿ ಕಾದು ಕುಳಿತವರು ಜಗತ್ತಿನಲ್ಲಿ ನಾವಿಬ್ಬರೇ.

ಸಂಸ್ಥೆಯ ಮೇಲೆ ನಂಬಿಕೆಯಿಲ್ಲದವರು ತಾವಾಗಿಯೇ ಬಿಟ್ಟರೆ ಚೆಂದ ಎಂದರು ಮೇಡಂ. ರಾಜೀನಾಮೆಗೆ ಸಹಿ ಹಾಕಿದೆ. ನೀನು ಕರ್ಮ ಕಲಿಸಿದೆ, ಅವರು ಕ್ರಮ ಕೈಗೊಂಡರು. ನಿಷ್ಕಾಮವೆಂದರೆ ಏನೆಂದು ಅಂದು ಹೊಳೆದಿರಲಿಲ್ಲ. ಈ ಊರಿನ ಹಿಂದಿಯಲ್ಲಿ ಕೆಲಸಕ್ಕೆ ‘ಕಾಮ್’ ಎನ್ನುತ್ತಾರಲ್ಲ, ಈಗ ಹೊಳೆಯಿತು. ಮುಂದಿನ ವರ್ಷವೂ ನಿನ್ನನ್ನೇ ಕರೆಸುತ್ತಾರಂತೆ. ನಿನ್ನ ಅನಿವಾರ್ಯತೆ ಏನಿತ್ತೋ ನನಗೆ ತಿಳಿಯದು. ಆದರೆ ನನ್ನದೊಂದು ಹಾಳೆಯನ್ನು ಜೋಳಿಗೆಯ ತಳದಲ್ಲೇ ಬಿಟ್ಟಿದ್ದರೆ ಯಾರು ಕೇಳುತ್ತಿದ್ದರು?

ವೈನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಪುಣೆಯಲ್ಲಿ ಹೊರಗಿನ ಊಟ ಹೆಚ್ಚು ಮಾಡಬೇಡ.

ನಿನ್ನ ತಂಗಿ,
ಕುಮುದಾ

ತಾ.ಕ.: ಪಂಚಮಿ ಹತ್ತಿರ ಬಂತು. ಪ್ರತಿವರ್ಷದಂತೆ ತವರಿಗೆ ಕರೆದೊಯ್ಯಲು ಈ ಸಲ ನೀನು ಬರಬೇಡ. ಅವ್ವನಿಗೆ ಏನೂ ತಿಳಿಸಿಲ್ಲ. ನಿನ್ನ ಬಗ್ಗೆ ಅವಳಿಗೆ ಭಾಳ ಹೆಮ್ಮೆ. ಕೇಳಿದರೆ ಕುಮುದಾಗೆ ರಜೆ ಸಿಗಲಿಲ್ಲ ಎನ್ನು. ಸುಳ್ಳೇನಲ್ಲ, ಕೆಲಸವೇ ಇಲ್ಲದವಳಿಗೆ ರಜೆ ಯಾರು ಕೊಡುತ್ತಾರೆ?