ಲಾಜವಂತಿಯ ಫೋಟೋ

ಕೋಥರೂಡ, ಪುಣೆ
೯ ಫೆಬ್ರವರಿ ೨೦೨೫, ರವಿವಾರ

ಪ್ರೀತಿಯ ನೀಲಿಮಾ,

ನಿನಗೂ ಮನೆಯವರೆಲ್ಲರಿಗೂ ಅಕ್ಕನ ಆಶೀರ್ವಾದಗಳು. ಎರಡು ವಾರದಿಂದ ನಿನ್ನ ಫೋನು ಎತ್ತಿಲ್ಲ. ನೀನು ಕೊನೆಗೆ ನಿನ್ನ ಭಾವನಿಗೇ ಫೋನು ಮಾಡಿ, ಅಕ್ಕನಿಗೆ ಆರಾಮಿಲ್ಲವೇ ಎಂದು ಕೇಳಿದೆಯಂತೆ. ಮೈ ಚೆನ್ನಾಗಿದೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಮಾತು ಹೊರಡುವುದಿಲ್ಲ ಎಂದು ಹೆದರಿ ಎತ್ತಲಿಲ್ಲ. ಕ್ಷಮಿಸು. ಎಷ್ಟೋ ವರ್ಷಗಳ ಮೇಲೆ ಕಾಗದ ಬರೆಯುತ್ತಿದ್ದೇನೆ. ಅಕ್ಷರ ಅಂಕುಡೊಂಕಾಗಿದ್ದರೂ ಪೂರ್ತಿ ಓದು.

ಪಾಕಿಸ್ತಾನದ ಸಿಂಧ್‌ನಿಂದ ಬಂದು ಪಿಂಪರಿಯಲ್ಲಿ ನೆಲೆಸಿರುವ ಎಂಟು ಕುಟುಂಬಗಳಿಗೆ ನಮ್ಮ ಮಹಿಳೆಯರ ಗುಂಪು ನೆರವಾಗುತ್ತಿರುವುದು ನಿನಗೆ ಗೊತ್ತು. ಮಕ್ಕಳನ್ನು ಶಾಲೆಗೆ ಸೇರಿಸುವುದು, ವೀಸಾದ ಅರ್ಜಿಗಳನ್ನು ತುಂಬಿಕೊಡುವುದು, ಶನಿವಾರ ಹೆಂಗಸರಿಗೆ ಮರಾಠಿ ಕಲಿಸುವುದು ನಮ್ಮ ಕೆಲಸ. ಕಲಿಸುವವಳು ನಾನು. ಧಾರವಾಡದಿಂದ ಬಂದವಳು ಸಿಂಧ್‌ನವರಿಗೆ ಮರಾಠಿ ಹೇಳಿಕೊಡುವುದೆಂದು ನೀನು ನಕ್ಕಿದ್ದೆ.

ಅವ್ವನ ಹೆಸರಿನಲ್ಲಿ ನೀನು ಕೊಡಿಸಿದ ಹೊಲಿಗೆ ಮಶೀನು ಲಾಜವಂತಿಯ ಮನೆ ಸೇರಿತು. ಮೂವತ್ತೈದರ ಹೆಂಗಸು, ಗಂಡ ಟೇಕಚಂದ, ಎರಡು ಹೆಣ್ಣುಮಕ್ಕಳು. ಹೊಲಿಗೆ ಕಲಿಸಿದ್ದು ಅವಳ ಅತ್ತೆ. ವೀಸಾ ಸಿಗುವುದು ತಡವಾಗಿ ಆ ಮುದುಕಿ ಸಿಂಧ್‌ನಲ್ಲೇ ಉಳಿದಿದ್ದರು. ವೀಸಾ ಬಂದೊಡನೆ ಬರುವವರಿದ್ದರು. ಮಶೀನು ಕೊಟ್ಟ ದಿನ ನಾನು ಇಳಕಲ್ ಸೀರೆ ಉಟ್ಟು ಅವಳ ಪಕ್ಕದಲ್ಲಿ ನಿಂತೆ. ಗುಂಪಿನ ಶಿವಾನಿ ಫೋಟೋ ತೆಗೆದಳು. ಕೆಳಗೆ ಹಾಕಲು ಒಂದು ಸಾಲು ಬರೆದುಕೊಡಿ ಎಂದಳು. ‘ಊರು ಬಿಟ್ಟು ಬಂದ ಲಾಜವಂತಿ ಇನ್ನು ಮುಂದೆ ನಮ್ಮ ಪುಣೆಯವಳೇ’ ಎಂದು ಬರೆದುಕೊಟ್ಟೆ. ಅದು ಗುಂಪಿನ ಆನ್‌ಲೈನ್ ಪುಟದಲ್ಲಿ ಬಂತು. ಜನ ಮೆಚ್ಚಿದರು. ಮತ್ತೆ ಇಬ್ಬರು ಮಶೀನು ಕೊಡಿಸುತ್ತೇವೆ ಎಂದು ಮುಂದೆ ಬಂದರು. ನನಗೆ ಹೆಮ್ಮೆಯಾಯಿತು.

ಜನವರಿ ಇಪ್ಪತ್ತೈದರ ಶನಿವಾರ ಲಾಜವಂತಿ ಪಾಠಕ್ಕೆ ಬರಲಿಲ್ಲ. ಮಕ್ಕಳಿಗೆ ಜ್ವರವೇನೋ ಎಂದು ಪಾಠ ಮುಗಿಸಿ ಅವಳ ಕೋಣೆಗೆ ಹೋದೆ. ಬಾಗಿಲಲ್ಲಿ ಹತ್ತಾರು ಜೊತೆ ಚಪ್ಪಲಿ. ಒಳಗೆ ಹೆಂಗಸರು ನೆಲದ ಮೇಲೆ ಕೂತಿದ್ದರು. ಟೇಕಚಂದ ತಲೆ ಬೋಳಿಸಿಕೊಂಡಿದ್ದ. ಯಾರು ಹೋದರು ಎಂದೆ. ‘ಅಮ್ಮ’ ಎಂದ.

ನಾನು ಕೂತುಕೊಂಡೆ. ಕಾಯಿಲೆ ಇತ್ತೇ ಎಂದು ಕೇಳಿದೆ. ಅವನು ಹೆಂಡತಿಯ ಮುಖ ನೋಡಿದ. ಅವಳು ಬೇಡ ಎನ್ನುವಂತೆ ತಲೆಯಾಡಿಸಿದಳು. ಅಷ್ಟರಲ್ಲಿ ಅಲ್ಲೇ ಕೂತಿದ್ದ ನೆಂಟನೊಬ್ಬ, ಇವರಿಗೂ ಗೊತ್ತಾಗಲಿ ಎಂದು ತನ್ನ ಫೋನು ನನ್ನ ಮುಂದೆ ಹಿಡಿದ. ಅದರಲ್ಲಿ ನಾನಿದ್ದೆ, ನೀಲಿಮಾ. ಇಳಕಲ್ ಸೀರೆ ಉಟ್ಟು ನಗುತ್ತ ನಿಂತಿದ್ದೆ. ನಾನು ಬರೆದ ಸಾಲನ್ನು ಯಾರೋ ಅವರ ಭಾಷೆಗೆ ತಿರುಗಿಸಿ ಕೆಳಗೆ ಹಾಕಿದ್ದರು.

ಆ ನೆಂಟನೇ ಎಲ್ಲ ಹೇಳಿದ. ಟೇಕಚಂದ, ಲಾಜವಂತಿ ಊರು ಬಿಡುವಾಗ ಹರಿದ್ವಾರಕ್ಕೆ ಹರಕೆ ತೀರಿಸಲು ಹೋಗುತ್ತಿದ್ದೇವೆ, ಕೆಲವು ತಿಂಗಳಲ್ಲಿ ಬರುತ್ತೇವೆ ಎಂದು ಹೇಳಿ ಬಂದಿದ್ದರಂತೆ. ಮರಳುವುದಿಲ್ಲ ಎಂದು ಗೊತ್ತಾದರೆ ಹಿಂದೆ ಉಳಿದವರ ಬದುಕು ಕಷ್ಟ ಎಂದು ಎಲ್ಲರೂ ಹಾಗೆಯೇ ಹೇಳುತ್ತಾರಂತೆ. ಮಗ ಸೊಸೆ ಬರುತ್ತಾರೆ ಎಂಬ ಮಾತಿನ ಮೇಲೆ ಮುದುಕಿ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಇಲ್ಲಿಯ ಯಾರೋ ಸಂತೋಷದಿಂದಲೇ ಫೋಟೋವನ್ನು ಅಲ್ಲಿಯ ನೆಂಟರಿಗೆ ಕಳಿಸಿದರು. ಕೈಯಿಂದ ಕೈಗೆ ಅದು ಮನೆಯ ಮಾಲೀಕನನ್ನು ಮುಟ್ಟಿತು. ಇವರು ಮರಳುವುದಿಲ್ಲ ಎಂದು ತಿಳಿದ ಮರುದಿನವೇ ಅವನು ಸಾಮಾನು ಹೊರಗಿಟ್ಟು ಬೀಗ ಹಾಕಿಸಿದ. ಎಪ್ಪತ್ತೆರಡು ವರ್ಷದ ಮುದುಕಿ ಜನವರಿಯ ಚಳಿಯಲ್ಲಿ ಎರಡು ಬಸ್ಸು ಬದಲಿಸಿ ದೂರದ ನೆಂಟರ ಊರು ಸೇರಿದರು. ಅಲ್ಲಿ ಎದೆಯಲ್ಲಿ ಕಫ ಕಟ್ಟಿತು. ಒಂಬತ್ತನೆಯ ದಿನ ಹೋಗಿಬಿಟ್ಟರು.

ಆ ಮಾತುಗಳು ನನಗೇ ಹೇಳಿದ್ದು ಎಂದು ಅರ್ಥವಾಗಲು ಹೊತ್ತು ಹಿಡಿಯಿತು. ಲಾಜವಂತಿ ಎದ್ದು ಒಂದು ಲೋಟ ನೀರು ತಂದುಕೊಟ್ಟಳು. ಸಾವಿನ ಮನೆಯಲ್ಲಿ ಅವಳು ನನಗೆ ನೀರು ಕೊಟ್ಟಳು. ನಾನು ಕುಡಿದೆ. ಅರ್ಧ ಸೆರಗಿನ ಮೇಲೆ ಚೆಲ್ಲಿತು.

‘ದೀದಿ, ಅತ್ತೆ ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿದ್ದರು’ ಎಂದಳು ಹಿಂದಿಯಲ್ಲಿ. ‘ಮನೆ ಹೋಯಿತು ಎಂದು ಹೇಳಲೇ ಇಲ್ಲ. ಮಶೀನು ಹೊಸದಂತಲ್ಲ, ದಾರ ಕಡಿಯುತ್ತದೋ ಹೇಗೆ ಎಂದು ಕೇಳಿದರು.’

ಹೇಗೆ ಮನೆಗೆ ಬಂದೆನೋ ತಿಳಿಯದು. ಶಿವಾನಿಗೆ ಹೇಳಿ ಫೋಟೋವನ್ನು ಪುಟದಿಂದ ತೆಗೆಸಿಹಾಕಿದೆ. ಇನ್ನು ಯಾರ ಮುಖವನ್ನೂ ಪುಟಕ್ಕೆ ಹಾಕಬಾರದು ಎಂದು ಗುಂಪಿನಲ್ಲಿ ತೀರ್ಮಾನವಾಯಿತು. ನಮಗೇನು ಗೊತ್ತಿತ್ತು ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು. ನಾನೂ ತಲೆಯಾಡಿಸಿದೆ. ನಾನು ಊಟ ಬಿಟ್ಟಿದ್ದನ್ನು ನೋಡಿ ನಿನ್ನ ಭಾವ ತಟ್ಟೆ ಹಿಡಿದು ಎದುರು ಕೂತರು.

‘ನೀ ಬೇಕಂತ ಮಾಡಿಲ್ಲಲ್ಲ ಇಂದೂ. ಒಳ್ಳೇದಾಗ್ಲಿ ಅಂತ ಮಾಡಿದ್ದು ಹಿಂಗಾತು. ಒಂದು ತುತ್ತು ತಿನ್ನು’ ಎಂದರು. ತಿನ್ನಲಾಗಲಿಲ್ಲ.

ಮಾರನೆಯ ಶನಿವಾರ ನನಗೆ ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದೆ. ನಿನ್ನೆ ಹೋಗಲೇಬೇಕಾಯಿತು. ಲಾಜವಂತಿ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಿದ್ದಳು. ಹಿಂದಿನ ಸಾಲಿನಲ್ಲಿ ಕೂತು ಎಲ್ಲರ ಜೊತೆ ಪಾಠ ಬರೆದಳು. ಬೇರೆಯವರು ಹೋದ ಮೇಲೆ ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತೆಗೆದಳು. ಅತ್ತೆಯ ವೀಸಾ ಅರ್ಜಿಯ ಪ್ರತಿ. ಕಳೆದ ಬೇಸಿಗೆಯಲ್ಲಿ ತುಂಬಿಕೊಟ್ಟವಳು ನಾನೇ. ಮಂಜೂರಾಗಿದೆ, ದಾಖಲೆ ತೆಗೆದುಕೊಂಡು ಬನ್ನಿ ಎಂದು ಈ ವಾರ ಕಚೇರಿಯಿಂದ ಫೋನು ಬಂದಿತ್ತಂತೆ.

ಇನ್ನು ಬೇಡವೆಂದು ಬರೆದುಕೊಡಬೇಕಲ್ಲ, ನೀವೇ ಬರೆದುಕೊಡಿ ಎಂದಳು. ಬೇರೆ ಯಾರ ಹತ್ತಿರವಾದರೂ ಬರೆಸಬಹುದಿತ್ತು. ನನ್ನ ಹತ್ತಿರವೇ ಬಂದಳು. ಅರ್ಜಿದಾರರು ತೀರಿಕೊಂಡಿದ್ದಾರೆ ಎಂದು ಬರೆದೆ. ಕಾರಣ ಎಂದು ಬರೆಯುವ ಜಾಗದಲ್ಲಿ ಪೆನ್ನು ನಿಂತಿತು. ‘ಕಾಯಿಲೆ ಎಂದು ಬರೆಯಿರಿ ದೀದಿ’ ಎಂದಳು. ಬರೆದೆ. ಕೆಳಗೆ ಸಹಿ ಮಾಡುವಾಗ, ಸಿಂಧಿಯಲ್ಲಿ ಬೇಡ ಎಂದು ನಾನು ಕಲಿಸಿದ ಅಕ್ಷರಗಳಲ್ಲಿ ಒಂದೊಂದಾಗಿ ತನ್ನ ಹೆಸರು ಬರೆದಳು. ಶಿವಾಜಿನಗರದ ತನಕ ಒಟ್ಟಿಗೆ ಹೋಗಿ, ಅವರ ವೀಸಾ ಕೆಲಸ ನೋಡುವ ವಕೀಲರ ಕೈಗೆ ಕಾಗದ ಕೊಟ್ಟು ಬಂದೆವು. ದಾರಿಯಲ್ಲಿ ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದಳು. ಶಾಲೆಯ ಸಮವಸ್ತ್ರಗಳು ಬರುತ್ತಿವೆಯಂತೆ. ಮಕ್ಕಳನ್ನು ಸಾಕಬೇಕಲ್ಲ, ಮಶೀನು ನಿಲ್ಲಿಸಿ ಕೂರಲಾದೀತೇ.

ಶನಿವಾರದ ಪಾಠ ಬಿಡುವುದಿಲ್ಲ. ಅಷ್ಟು ಮಾತ್ರ ನಿಶ್ಚಯಿಸಿದ್ದೇನೆ. ಅವಳು ಬರುತ್ತಿರುವಷ್ಟು ದಿನ ನಾನು ಹೋಗದೆ ಇರುವ ಹಾಗಿಲ್ಲ.

ನಿನ್ನ ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಹತ್ತುವುದು ಕಡಿಮೆ ಮಾಡು. ಪ್ರಾಚಿಯ ಪರೀಕ್ಷೆ ಚೆನ್ನಾಗಿ ಆಗಲಿ. ನಿಮ್ಮೆಲ್ಲರ ಮನೆ, ಮಕ್ಕಳು ತಣ್ಣಗಿರಲಿ.

ನಿನ್ನ ಅಕ್ಕ,
ಇಂದೂ

ತಾ.ಕ.: ಫೋಟೋ ಬೇಡ ಎಂದು ಲಾಜವಂತಿ ಅಂದೇ ಹೇಳಿದ್ದಳು. ನನ್ನ ಕೈ ಹಿಡಿದು, ಮುಖ ಮಾತ್ರ ಬೇಡ ದೀದಿ ಎಂದಿದ್ದಳು. ಗುಂಪಿನಲ್ಲಿ ಯಾರಿಗೂ ಇದು ಗೊತ್ತಿಲ್ಲ, ನಿನ್ನ ಭಾವನಿಗೂ ಗೊತ್ತಿಲ್ಲ. ಅವಳನ್ನು ಒಪ್ಪಿಸಲು ನಾನು ನಿನ್ನ ಹೆಸರು ಹೇಳಿದೆ. ಮಶೀನು ಕೊಟ್ಟ ನನ್ನ ತಂಗಿ ಧಾರವಾಡದಿಂದ ಫೋಟೋ ಕೇಳಿದ್ದಾಳೆ, ನೋಡದಿದ್ದರೆ ಬೇಸರ ಮಾಡಿಕೊಳ್ಳುತ್ತಾಳೆ ಎಂದೆ. ಕೊಟ್ಟವರು ಕೇಳಿದರೆ ಇಲ್ಲ ಎನ್ನುವುದು ಹೇಗೆ ಎಂದು ಸೆರಗು ಸರಿಮಾಡಿಕೊಂಡು ನಿಂತಳು. ನೀನು ಏನನ್ನೂ ಕೇಳಿರಲಿಲ್ಲ. ನಿನ್ನೆ ಬಸ್ಸು ಹತ್ತುವಾಗ ಅವಳು, ನಿಮ್ಮ ತಂಗಿಗೆ ಹೇಳಿ, ಪ್ರೀತಿಯಿಂದ ಕೇಳಿದ್ದರು, ನನಗೆ ಅವರ ಮೇಲೆ ಸಿಟ್ಟಿಲ್ಲ ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಹೇಳುತ್ತೇನೆ ಎಂದೆ.